ಅಜ್ಜನನ್ನು ಬದರಿಗೆ ಕಳಿಸಿದ್ದು

ನನಗೊಂದು ಕೆಟ್ಟ ಚಾಳಿ ಇದೆ. ಮನೆಯಲ್ಲಿ ಯಾರಾದರೂ ಕೂತ ಜಾಗದಿಂದ ಎದ್ದರೆ ಸಾಕು, "ಎಲ್ಲಿಗೆ? ವಾಪಸ್ ಯಾವಾಗ?" ಎಂದು ಕೇಳಿಬಿಡುತ್ತೇನೆ. ನೀರು ಕುಡಿಯಲು ಅಡುಗೆಮನೆಗೆ ಹೊರಟವರನ್ನೂ ಬಿಡುವುದಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಇದನ್ನು ಪ್ರೀತಿ ಎಂದುಕೊಂಡಳು. ಆಮೇಲೆ ಸಂಶಯ ಎಂದುಕೊಂಡಳು. ಈಗ ಕಾಯಿಲೆ ಎಂದು ತೀರ್ಮಾನಿಸಿ ಸುಮ್ಮನಾಗಿದ್ದಾಳೆ. ಮೊನ್ನೆ ನಮ್ಮ ಕಾಮೋಠೆಯ ಮನೆಗೆ ಬಂದಿದ್ದ ಅವಳ ಅಣ್ಣ ಬಚ್ಚಲಿಗೆಂದು ಎದ್ದಾಗಲೂ ನನ್ನ ಬಾಯಿಂದ ಅದೇ ಪ್ರಶ್ನೆ ಹೊರಟಿತು. ಪಾಪ, ಆತ ಬಾಗಿಲ ಹತ್ತಿರ ನಿಂತು ಗಂಭೀರವಾಗಿ ಯೋಚಿಸಿ, "ಐದು ನಿಮಿಷ ಆಗಬಹುದು ಭಾವ" ಎಂದ.

ಇದು ಸಂಶಯವೂ ಅಲ್ಲ, ಕಾಯಿಲೆಯೂ ಅಲ್ಲ. ಕಸುಬಿನಲ್ಲಿ ಆದ ಗಾಯ. ಟೀವಿ ಧಾರಾವಾಹಿ ಬರೆಯಲು ಕಲಿಯುತ್ತಿದ್ದ ದಿನಗಳಲ್ಲಿ ಒಬ್ಬ ಮನುಷ್ಯನನ್ನು ನಾನು ಸೋಫಾದಿಂದ ಎಬ್ಬಿಸಿ ಕಳಿಸಿದೆ. ಅವರನ್ನು ಮತ್ತೆ ಅದೇ ಸೋಫಾದಲ್ಲಿ ಕೂರಿಸುವಷ್ಟರಲ್ಲಿ ನನ್ನ ಜೀವ ಹಣ್ಣಾಯಿತು.

ಕಲಿಯುತ್ತಿದ್ದ ದಿನಗಳು ಎಂದೆ. ನಿಜವಾಗಿ ನನ್ನ ಕಲಿಕೆ ಶುರುವಾದದ್ದು ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೆ, ಶಾಲೆಗೆ ಹೋಗುತ್ತಿದ್ದಾಗಲೇ. ಆಗ ನಮ್ಮಲ್ಲಿ ಲೋಡ್‌ಶೆಡ್ಡಿಂಗ್ ಇತ್ತು. ಕರೆಂಟು ತೆಗೆಯುವವನಿಗೆ ನಮ್ಮ ಅಮ್ಮನ ಮೇಲೆ ಏನು ದ್ವೇಷವೋ, ಸರಿಯಾಗಿ ಅವರು ನೋಡುವ ಧಾರಾವಾಹಿಯ ನಾಯಕಿ ಬಾಯಿ ತೆರೆದು "ಆ ಮಗುವಿನ ತಂದೆ" ಎನ್ನುವ ಹೊತ್ತಿಗೆ ತೆಗೆಯುತ್ತಿದ್ದ. ಪಕ್ಕದ ಊರು ಠಾಣೆಯಲ್ಲಿ ನನ್ನ ಕ್ಲಾಸಿನ ಹುಡುಗನ ಚಿಕ್ಕಮ್ಮ ಇದ್ದರು, ಅವರ ಕಡೆ ಕರೆಂಟು ಹೋಗುತ್ತಿರಲಿಲ್ಲ. ಅಮ್ಮ ಒಂದು ರೂಪಾಯಿ ನಾಣ್ಯ ಕೊಟ್ಟು, "ಹೋಗು, ಕೆಳಗಿನ ಫೋನಿಂದ ಕೇಳ್ಕೊಂಡು ಬಾ. ತಂದೆ ಯಾರಂತೆ ಕೇಳು" ಎಂದು ಓಡಿಸುತ್ತಿದ್ದರು. ನಾನು ಆ ರೂಪಾಯಿಗೆ ಚಿಕ್ಕಿ ತಿಂದು, ಕಥೆಯನ್ನು ಸ್ವಂತ ಖರ್ಚಿನಲ್ಲಿ ಕಟ್ಟಿಕೊಂಡು ಮೇಲೆ ಬರುತ್ತಿದ್ದೆ. ಮೆಟ್ಟಿಲ ಮೇಲೆ ಮೇಣದಬತ್ತಿ ಇಟ್ಟುಕೊಂಡು ನಾಲ್ಕು ಮನೆಯ ಹೆಂಗಸರು ಕಾಯುತ್ತಿರುತ್ತಿದ್ದರು. ಒಂದು ಸಲ ಉತ್ಸಾಹ ಜಾಸ್ತಿಯಾಗಿ ನಾಯಕನ ತಮ್ಮನನ್ನು ಲಾರಿಯ ಅಡಿಗೆ ಹಾಕಿದೆ. ಎದುರು ಮನೆಯ ಜೋಶಿ ಕಾಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮರುದಿನ ನೋಡಿದರೆ ಸತ್ತವನು ಟೀವಿಯಲ್ಲಿ ಆರಾಮಾಗಿ ಪೋಹೆ ತಿನ್ನುತ್ತಿದ್ದಾನೆ.

"ಎಂತದಿದು?" ಅಮ್ಮ ನನ್ನ ಕಿವಿ ಹಿಡಿದರು. "ನಿನ್ನೆ ಸತ್ತವನಿಗೆ ಇವತ್ತು ತಿಂಡಿ ಯಾರು ಕೊಟ್ಟದ್ದು?"

"ಅದು ಅವನ ಅವಳಿ ತಮ್ಮ, ಅಮ್ಮ."

ಅಮ್ಮ ಕಿವಿ ಬಿಟ್ಟರು. ನಂಬಿಬಿಟ್ಟಿದ್ದರು. ನಾನು ಈ ಕಸುಬಿಗೆ ಸೇರಿದ ದಿನ ಅದು ಎಂದೇ ನನ್ನ ಲೆಕ್ಕ.

ಆದರೆ ನನಗೆ ಅಧಿಕೃತವಾಗಿ ಕೆಲಸ ಕೊಡಿಸಿದ್ದು ವಾಸು ಮಾಮ. ಸಂಬಂಧದಲ್ಲಿ ಮಾಮ ಅಲ್ಲ, ಅಪ್ಪನ ಸ್ನೇಹಿತರು, ಉಡುಪಿ ಕಡೆಯವರು, ಕಲ್ಯಾಣದಲ್ಲಿ ಮನೆ. ಬ್ಯಾಂಕಿನಲ್ಲಿ ದುಡಿದು ರಿಟೈರ್ ಆದವರು. ನಮ್ಮ ಕನ್ನಡ ಸಂಘದ ನಾಟಕಗಳಲ್ಲಿ ಮೂವತ್ತು ವರ್ಷ ಮಂತ್ರಿಯಾಗಿದ್ದವರು. ರಾಜ ಬದಲಾಗುತ್ತಿದ್ದ, ಮಂತ್ರಿ ಮಾತ್ರ ಇವರೇ. ರಿಟೈರ್ ಆದ ಮೇಲೆ ಮನೆಯಲ್ಲಿ ಅವರ ಸ್ಥಿತಿ, ನೆಲ ಒರೆಸುವವಳು ಬಂದಾಗ "ಅಂಕಲ್, ಪಾಯ್ ವರ್" ಎಂದರೆ ಕಾಲು ಎತ್ತುವುದು, ಹೋದ ಮೇಲೆ ಇಳಿಸುವುದು, ಇಷ್ಟಕ್ಕೆ ಬಂದು ನಿಂತಿತ್ತು. ಹಾಗಿರುವಾಗ ಒಂದು ಮದುವೆಯ ರಿಸೆಪ್ಷನ್ನಿನಲ್ಲಿ ಇವರು ಕುರ್ಚಿಯಲ್ಲಿ ಕೂತ ಭಂಗಿಯನ್ನು ಯಾರೋ ಟೀವಿಯವರು ನೋಡಿ ಮೆಚ್ಚಿದರಂತೆ. ಘೋಡ್‌ಬಂದರ್ ರಸ್ತೆಯ ಒಂದು ಸೆಟ್ಟಿನಲ್ಲಿ, ಹಿಂದಿ ಧಾರಾವಾಹಿಯೊಂದರ ದೊಡ್ಡ ಹವೇಲಿಗೆ ದಾದಾಜಿ, ಅಂದರೆ ಅಜ್ಜ, ಬೇಕಾಗಿದ್ದರು. ಮಾಮನ ಹಿಂದಿಯಲ್ಲಿ ಉಡುಪಿಯ ತೆಂಗಿನೆಣ್ಣೆ ವಾಸನೆ ಇದ್ದುದರಿಂದ ಮಾತು ಕಡಿಮೆ ಕೊಟ್ಟರು. ಸೋಫಾದ ಮೂಲೆಯಲ್ಲಿ ಪೇಪರ್ ಓದುತ್ತ ಕೂರುವುದು. ಕಾಲಿಗೆ ಬಿದ್ದವರಿಗೆ "ಜೀತೇ ರಹೋ" ಎನ್ನುವುದು. ಮನೆಗೆ ಬೆಂಕಿ ಬಿದ್ದಾಗ "ಸಬ್ ಠೀಕ್ ಹೋ ಜಾಯೇಗಾ" ಎನ್ನುವುದು. ಅಷ್ಟೇ.

ಅಷ್ಟಕ್ಕೇ ಮಾಮನ ಬದುಕು ಬೇರೆಯಾಯಿತು. ಕಲ್ಯಾಣದ ಮಾರ್ಕೆಟ್ಟಿನಲ್ಲಿ ತರಕಾರಿಯವನು ಕೊತ್ತಂಬರಿ ಕಟ್ಟನ್ನು ಹಾಗೇ ಚೀಲಕ್ಕೆ ಹಾಕುತ್ತಿದ್ದ. ಮದುವೆಮನೆಗಳಲ್ಲಿ ಮುಂದಿನ ಸಾಲು. ಗುರುತಿಲ್ಲದ ವಧೂವರರು ಬಂದು ಕಾಲು ಮುಟ್ಟಿದರೆ ಮಾಮ ಕೈಯೆತ್ತಿ, ಕನ್ನಡದ ಮದುವೆಯಾದರೂ, "ಜೀತೇ ರಹೋ" ಎಂದೇ ಹರಸುತ್ತಿದ್ದರು. ಶಾರದಾ ಮಾಮಿ ನಮ್ಮಮ್ಮನ ಹತ್ತಿರ ಹೇಳಿದ್ದರು: "ಈ ಸೀರಿಯಲ್ ಸಿಕ್ಕಿದ ಮೇಲೆ ಮತ್ತೆ ಮನುಷ್ಯರಾದ್ರು ನೋಡಿ. ಬೆಳಿಗ್ಗೆ ಎದ್ದು ಅವರೇ ಅಂಗಿಗೆ ಇಸ್ತ್ರಿ ಹಾಕ್ತಾರೆ."

ಆ ಹೊತ್ತಿಗೆ ನಾನು ಬಿ.ಕಾಂ. ಮುಗಿಸಿ ಐರೋಲಿಯ ಕಾಲ್‌ಸೆಂಟರ್ ಒಂದರಲ್ಲಿ ಬೈಸಿಕೊಳ್ಳುವ ಉದ್ಯೋಗದಲ್ಲಿದ್ದೆ. ಸಂಘದ ವಾರ್ಷಿಕೋತ್ಸವಕ್ಕೆ ನಾನು ಬರೆದ ಪ್ರಹಸನದಲ್ಲಿ ಜನ ನಗಬೇಕಾದ ಕಡೆ ಕೆಮ್ಮಿ, ಅಳಬೇಕಾದ ಕಡೆ ನಕ್ಕಿದ್ದರು. ಅದನ್ನು ನೋಡಿದ ಮೇಲೂ ಮಾಮ, "ನಿನ್ನ ಕೈಯಲ್ಲಿ ಎಂತದೋ ಉಂಟು ಸುಹಾಸ. ಎಂತ ಅಂತ ನಂಗೂ ಗೊತ್ತಿಲ್ಲ. ಬಾ, ಮ್ಯಾಡಮ್ಮಿಗೆ ತೋರಿಸುವ" ಎಂದು ನನ್ನನ್ನು ಕರೆದುಕೊಂಡು ಹೊರಟರು. ಲೋಕಲ್ ರೈಲಿಗೆ ಅವರು ಕಲ್ಯಾಣದಲ್ಲಿ ಹತ್ತುವುದರಿಂದ ಕೂತುಕೊಂಡು, ನಾನು ಡೊಂಬಿವಲಿಯಲ್ಲಿ ಹತ್ತುವುದರಿಂದ ಇನ್ಯಾರದೋ ಕಂಕುಳಲ್ಲಿ ಸಿಕ್ಕಿಕೊಂಡು, ಇಬ್ಬರೂ ಠಾಣೆಗೆ ಬಂದು, ಅಲ್ಲಿಂದ ವಾಶಿಗೆ ಹೋದೆವು. ಮುಖ್ಯ ಲೇಖಕಿ ನೀಲಿಮಾ ಮ್ಯಾಡಮ್ಮಿನ ಮನೆ ಅಲ್ಲಿ. ಅವರು ಮಾತಾಡುವುದೆಲ್ಲ ಹಿಂದಿ. ನಿಮಗೆ ತೊಂದರೆಯಾಗದಿರಲೆಂದು ಕನ್ನಡದಲ್ಲೇ ಹೇಳುತ್ತೇನೆ, ಬೈಗುಳಗಳನ್ನು ಪೂರ್ತಿ ಬಿಟ್ಟು.

ಮೊದಲ ದಿನ ಒಂದು ಸಣ್ಣ ದೃಶ್ಯ ಬರೆಯಲು ಕೊಟ್ಟರು. ಸೊಸೆ ಪೂಜೆಯ ತಟ್ಟೆ ಹಿಡಿದು ಬರುತ್ತಾಳೆ, ಅತ್ತೆ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ನನಗೆ ಬರುತ್ತಿದ್ದದ್ದು ಡೊಂಬಿವಲಿ ಲೋಕಲ್ಲಿನ ಹಿಂದಿ. ನನ್ನ ಸೊಸೆ, "ಸಾಸೂಮಾ, ಥೋಡಾ ಸರ್ಕೋ ನಾ, ಅಂದರ್ ಜಾನೇ ದೋ" ಎಂದು, ಸ್ವಲ್ಪ ಸರಿದು ಒಳಗೆ ಬಿಡಲು ಹೇಳಿದಳು.

ಮ್ಯಾಡಮ್ ಕನ್ನಡಕ ತೆಗೆದರು. "ಇದು ಹವೇಲಿ. ಡೊಂಬಿವಲಿ ಫಾಸ್ಟ್ ಲೋಕಲ್ ಅಲ್ಲ."

ಆದರೂ ಇಟ್ಟುಕೊಂಡರು. ಬಹುಶಃ ನಗಲು ಯಾರಾದರೂ ಬೇಕಿತ್ತು. ಅಲ್ಲಿ ನಾನು ಕಲಿತದ್ದು ಒಂದೆರಡಲ್ಲ. ಧಾರಾವಾಹಿಯ ಮನೆಯಲ್ಲಿ ಯಾರೂ ಆಫೀಸಿಗೆ ಹೋಗುವುದಿಲ್ಲ, ಹೋದರೂ ಮಧ್ಯಾಹ್ನದೊಳಗೆ ಫೈಲು ಮರೆತು ವಾಪಸ್ ಬರುತ್ತಾರೆ. ಗುಟ್ಟು ಹೇಳುವವರು ಬಾಗಿಲು ತೆರೆದಿಟ್ಟೇ ಹೇಳಬೇಕು, ಇಲ್ಲದಿದ್ದರೆ ಕದ್ದು ಕೇಳುವವರಿಗೆ ಅನ್ಯಾಯ. ಒಂದು ಕಪಾಳಮೋಕ್ಷ ಬರೆಯುವುದು ಒಂದು ಸಾಲು, ತೋರಿಸುವುದು ಅರ್ಧ ಎಪಿಸೋಡು, ಯಾಕೆಂದರೆ ಮನೆಯವರೆಲ್ಲರ ಮುಖವನ್ನೂ ಮೂರು ಮೂರು ಸಲ ನೋಡಬೇಕು. ಇದು ಎಷ್ಟು ತಲೆಗೇರಿತ್ತೆಂದರೆ, ಮನೆಯಲ್ಲಿ ಅಮ್ಮ "ಸಾಂಬಾರಿಗೆ ಉಪ್ಪು ಹಾಕ್ಲಿಕ್ಕೆ ಮರೆತೆ" ಎಂದರೆ ನಾನು ಒಮ್ಮೆ ಅಪ್ಪನ ಕಡೆ, ಒಮ್ಮೆ ಕುಕ್ಕರಿನ ಕಡೆ ತಿರುಗಿ ನೋಡುತ್ತಿದ್ದೆ.

ಆರು ತಿಂಗಳು ಕಳೆದ ಮೇಲೆ, ನವರಾತ್ರಿ ಮುಗಿದ ವಾರ, ನನಗೆ ಮೊದಲ ಬಾರಿ ಒಂದು ಪೂರ್ತಿ ಎಪಿಸೋಡು ಬರೆಯಲು ಸಿಕ್ಕಿತು. ಗಂಡ ಹೆಂಡತಿ ಹಾಲ್‌ನಲ್ಲಿ ಇಬ್ಬರೇ ಜಗಳವಾಡಬೇಕು. ತೊಂದರೆ ಒಂದೇ, ಹಿಂದಿನ ದೃಶ್ಯದಿಂದ ವಾಸು ಮಾಮ ಅಲ್ಲೇ ಸೋಫಾದಲ್ಲಿ ಕೂತಿದ್ದರು.

"ದಾದಾಜಿಯನ್ನು ಎಬ್ಬಿಸು" ಎಂದರು ಮ್ಯಾಡಮ್.

ಬುದ್ಧಿ ಇದ್ದವನಾದರೆ, ದಾದಾಜಿ ಆಕಳಿಸಿ ಮಲಗಲು ಹೋಗುತ್ತಾರೆ ಎಂದು ಬರೆದು ಮುಗಿಸುತ್ತಿದ್ದ. ನನಗೆ ಪ್ರತಿಭೆ ತೋರಿಸಬೇಕಿತ್ತು. ಅದೂ ಅಲ್ಲದೆ, ಕೆಲಸ ಕೊಡಿಸಿದ ಮಾಮನಿಗೆ ಒಂದು ಒಳ್ಳೆಯ ದೃಶ್ಯವನ್ನಾದರೂ ಕಾಣಿಕೆ ಕೊಡಬೇಕೆಂಬ ಆಸೆ. ನನ್ನ ದಾದಾಜಿ ಪೇಪರ್ ಮಡಿಸಿದರು. ಎದ್ದು ನಿಂತರು. ಈ ಮನೆಯ ಕಚ್ಚಾಟ ನೋಡಿ ನೋಡಿ ಮನಸ್ಸು ಮುರಿಯಿತು ಎಂದರು. ಬದರಿನಾಥನ ಸನ್ನಿಧಿಗೆ ಹೊರಟಿದ್ದೇನೆ ಎಂದರು. ಕೊನೆಗೆ ಹೊಸ್ತಿಲ ಮೇಲೆ ನಿಂತು, "ಈ ಮನೆಯಲ್ಲಿ ಜಗಳ ನಿಲ್ಲುವ ತನಕ ನಾನು ಈ ಹೊಸ್ತಿಲು ತುಳಿಯುವುದಿಲ್ಲ" ಎಂದು ಪ್ರತಿಜ್ಞೆ ಮಾಡಿದರು.

ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ದಿನನಿತ್ಯದ ಧಾರಾವಾಹಿಯಲ್ಲಿ ಜಗಳ ನಿಲ್ಲುವ ತನಕ. ಜಗಳ ನಿಂತ ದಿನ ಧಾರಾವಾಹಿಯೂ ನಿಲ್ಲುತ್ತದೆ. ಈ ಪ್ರಪಂಚದಲ್ಲಿ ಇಂಥ ಸಾಲು ಬರೆಯುವ ದಡ್ಡತನ ಒಬ್ಬ ಧಾರಾವಾಹಿ ಲೇಖಕನಿಗೆ ಮಾತ್ರ ಸಾಧ್ಯ, ಆ ಲೇಖಕ ನಾನು. ಬರೆಯುವಾಗ ಮಾತ್ರ ನನ್ನ ಕಣ್ಣಲ್ಲೇ ನೀರು ಬಂದಿತ್ತು.

ದೃಶ್ಯ ಭರ್ಜರಿಯಾಯಿತು. ಮಾಮನಿಗೆ ಜೀವನದಲ್ಲೇ ಮೊದಲ ಬಾರಿ ಅರ್ಧ ಪುಟ ಮಾತು. ಪ್ರಸಾರದ ದಿನ ಕಲ್ಯಾಣದ ಅವರ ಸೊಸೈಟಿಯ ಜನರನ್ನೆಲ್ಲ ಮನೆಗೆ ಕರೆದು ಮಾಮಿ ಶೀರ ಹಂಚಿದರು. ಮಾಮ ನನಗೆ ಫೋನು ಮಾಡಿ, "ಮೂವತ್ತು ವರ್ಷ ಮಂತ್ರಿ ಆಗಿದ್ದೆ ಮಾರಾಯ. ಇವತ್ತು ರಾಜ ಆದೆ" ಎಂದರು.

ಆಮೇಲೆ ಅವರನ್ನು ಶೂಟಿಂಗಿಗೆ ಯಾರೂ ಕರೆಯಲಿಲ್ಲ.

ಮೊದಲ ಎರಡು ವಾರ ಯಾರಿಗೂ ಏನೂ ಅನ್ನಿಸಲಿಲ್ಲ. ಯಾತ್ರೆ ಎಂದ ಮೇಲೆ ಸಮಯ ಹಿಡಿಯುತ್ತದೆ. ದೀಪಾವಳಿಯ ಹೊತ್ತಿಗೆ ಮಾಮ ಮೆಲ್ಲಗೆ ಕೇಳಿದರು, "ವಾಪಸ್ ಬರ್ಲಿಕ್ಕೆ ಸೀನ್ ಯಾವಾಗ ಮಗಾ? ಅಲ್ಲ, ಹೆಬ್ಬೆರಳಿಗೆ ಬ್ಯಾಂಡೇಜು ಹಾಕ್ಕೊಂಡೇ ಇದ್ದೇನೆ, ಅದಕ್ಕೆ ಕೇಳಿದ್ದು."

"ಯಾವ ಬ್ಯಾಂಡೇಜು?"

"ಹೊರಡುವ ಮೊದಲು ಆ್ಯಪಲ್ ಕೊಯ್ಯುವಾಗ ಬೆರಳು ಕೊಯ್ಕೊಂಡ ಸೀನ್ ಇತ್ತಲ್ಲ. ನಾಳೆ ಇದ್ದಕ್ಕಿದ್ದ ಹಾಗೆ ಕರೆದ್ರೆ, ಬೆರಳು ಹೇಗೆ ಗುಣ ಆಯ್ತು ಅಂತ ಜನ ಕೇಳ್ಬಾರ್ದಲ್ವಾ?"

ಬೆರಳಿಗೆ ಏನೂ ಆಗಿರಲಿಲ್ಲ. ರಕ್ತವೆಂದು ತೋರಿಸಿದ್ದು ಸೆಟ್ಟಿನ ಕುಂಕುಮದ ನೀರು. ಆದರೂ ಮಾಮ ದಿನಾ ಸ್ನಾನವಾದ ಮೇಲೆ ಹೊಸ ಬ್ಯಾಂಡೇಜು ಸುತ್ತಿಕೊಳ್ಳುತ್ತಿದ್ದರಂತೆ.

ಇತ್ತ ಕಲ್ಯಾಣದಲ್ಲಿ ಇನ್ನೊಂದು ತೊಂದರೆ ಶುರುವಾಗಿತ್ತು. ಮಾಮ ಮಾರ್ಕೆಟ್ಟಿಗೆ ಹೋದರೆ ಜನ ಗಾಬರಿಯಾಗುತ್ತಿದ್ದರು. "ಅರೇ ದಾದಾಜಿ, ತುಮ್ಹಿ ಬದ್ರಿಲಾ ಗೇಲಾ ಹೋತಾ ನಾ?" ನೀವು ಬದರಿಗೆ ಹೋಗಿದ್ದಿರಲ್ಲ ಎಂದು ತರಕಾರಿಯವನು ತಕ್ಕಡಿ ಹಿಡಿದುಕೊಂಡೇ ಕೇಳಿದನಂತೆ. ಮೊದಮೊದಲು ಮಾಮ ನಕ್ಕು ಮುಂದೆ ಹೋದರು. ಆಮೇಲೆ ಹಿಂದಿನ ಗಲ್ಲಿಯಿಂದ ಹೋಗಲು ಶುರು ಮಾಡಿದರು. ಆಮೇಲೆ ಹೋಗುವುದನ್ನೇ ಬಿಟ್ಟರು. ಬೆಳಗಿನ ವಾಕಿಂಗ್ ನಿಂತಿತು. ಮದುವೆಗಳಿಗೆ ಮಾಮಿ ಒಬ್ಬರೇ ಹೋದರು. ಇಸ್ತ್ರಿ ಪೆಟ್ಟಿಗೆ ಕಪಾಟಿನ ಮೇಲೆ ಹೋಗಿ ಕೂತಿತು.

ನಮ್ಮ ಮನೆಯಲ್ಲಂತೂ ನನಗೆ ನಿತ್ಯ ವಿಚಾರಣೆ.

"ಬದರಿಯ ಬಾಗಿಲು ದೀಪಾವಳಿ ಆದ ಕೂಡ್ಲೇ ಹಾಕ್ತಾರೆ" ಎಂದರು ಅಮ್ಮ, ಚಪಾತಿ ಲಟ್ಟಿಸುತ್ತ. ಅವರು ಒಮ್ಮೆ ಯಾತ್ರಾ ಬಸ್ಸಿನಲ್ಲಿ ಹೋಗಿ ಬಂದವರು. "ಅಲ್ಲಿ ಈಗ ಆಳೆತ್ತರ ಹಿಮ. ಒಂದು ಕಾಗೆ ಸಹ ಇರುದಿಲ್ಲ. ವಾಸಣ್ಣ ಎಲ್ಲಿ ಮಲಗ್ತಾರೆ?"

"ಅಮ್ಮ, ಅವರು ಕಲ್ಯಾಣದಲ್ಲಿ ಅವರ ಮಂಚದ ಮೇಲೇ ಮಲಗ್ತಾರೆ."

"ಅದು ನಂಗೆ ಗೊತ್ತುಂಟು. ನಾನು ಕೇಳಿದ್ದು ಆ ಮನೆಯವರಿಗೆ ಗೊತ್ತುಂಟಾ ಅಂತ. ಒಂದು ಫೋನು ಸಹ ಮಾಡುದಿಲ್ಲ, ಎಂಥ ಸೊಸೆ ಅವಳು." ಲಟ್ಟಣಿಗೆ ನನ್ನ ಕಡೆ ತಿರುಗಿತು. "ಮಾಮಿ ಇವತ್ತು ಫೋನು ಮಾಡಿದ್ರು. ಮನುಷ್ಯ ಮಾತಾಡುದೇ ಬಿಟ್ಟಿದ್ದಾರಂತೆ. ಕೆಲಸದವಳು ಬಂದ್ರೆ ಸುಮ್ನೆ ಕಾಲು ಎತ್ತಿ ಕೂರ್ತಾರಂತೆ. ನಿನ್ನನ್ನು ಒಳಗೆ ಸೇರಿಸಿದವರನ್ನೇ ನೀನು ಹೊರಗೆ ಹಾಕಿದ್ದಲ್ವಾ?"

ನಾನು ಅರ್ಧ ಚಪಾತಿ ತಟ್ಟೆಯಲ್ಲೇ ಬಿಟ್ಟು ಕೈ ತೊಳೆದೆ.

ಮ್ಯಾಡಮ್ಮಿನ ಮುಂದೆ ನಾನು ತೆಗೆದುಕೊಂಡು ಹೋದ ಉಪಾಯಗಳನ್ನು ನೆನೆದರೆ ಈಗಲೂ ಬೆವರು ಬರುತ್ತದೆ. ಹಿಮಪಾತದಲ್ಲಿ ನೆನಪು ಕಳೆದುಕೊಂಡ ದಾದಾಜಿ ದಾರಿ ತಪ್ಪಿ ಸ್ವಂತ ಮನೆಗೇ ಬಂದು ನೀರು ಕೇಳುತ್ತಾರೆ. ದಾದಾಜಿಯ ಅವಳಿ ತಮ್ಮ ಬರುತ್ತಾರೆ. ಹಿಂದಿನಿಂದಲೂ ಅವಳಿಯ ಮೇಲೆ ನನಗೆ ವಿಶ್ವಾಸ ಹೆಚ್ಚು. ಮ್ಯಾಡಮ್ ಎಲ್ಲವನ್ನೂ ಕೇಳಿ, "ಬಂದು ಏನು ಮಾಡ್ತಾರೆ?" ಎಂದು ಒಂದೇ ಪ್ರಶ್ನೆ ಹಾಕುತ್ತಿದ್ದರು. "ಸೋಫಾದಲ್ಲಿ ಕೂರ್ತಾರೆ ಮ್ಯಾಡಮ್." "ಅದಕ್ಕೆ ನೆನಪು ಯಾಕೆ ಹೋಗಬೇಕು?"

ಜನವರಿಯಲ್ಲಿ ಧಾರಾವಾಹಿಯ ರೇಟಿಂಗ್ ಇಳಿಯಿತು. ಚಾನೆಲ್ಲಿನವರಿಗೆ ಒಂದು ದುಃಖದ ಕಥೆ ಬೇಕಾಯಿತು. ಮ್ಯಾಡಮ್ ಚಹಾ ಕಲಕುತ್ತ ಶಾಂತವಾಗಿ ಹೇಳಿದರು: "ದಾದಾಜಿ ಬದರಿಯಲ್ಲಿ ತೀರಿಕೊಂಡರು ಅಂತ ಸುದ್ದಿ ಬರಲಿ. ಮೂರು ದಿನ ಎಲ್ಲರೂ ಅಳಲಿ. ಗೋಡೆಗೆ ಫೋಟೋ, ಫೋಟೋಗೆ ಹಾರ."

"ಮ್ಯಾಡಮ್, ಬೇಡ" ಎಂದೆ.

"ಪ್ರತಿಜ್ಞೆ ನಾನು ಮಾಡಿಸಿದ್ದಾ? ಜಗಳ ನಿಲ್ಲದೆ ಅವರು ಬರುವ ಹಾಗಿಲ್ಲ. ಜಗಳ ನಿಂತರೆ ನಾವು ಇರುವ ಹಾಗಿಲ್ಲ. ಬೇರೆ ದಾರಿ ಇದ್ದರೆ ತಾ. ಫೋಟೋ ಸೆಟ್ಟಿಗೆ ಬರುವವರೆಗೆ ಸಮಯ ಇದೆ."

ಫೋಟೋ ತರಿಸುವ ಜವಾಬ್ದಾರಿ ಬಂದದ್ದು ನನ್ನ ತಲೆಗೇ. ದಾದಾಜಿ ನಿನ್ನ ಊರಿನವರಲ್ಲವಾ ಎಂದರು ಪ್ರೊಡಕ್ಷನ್ ಮ್ಯಾನೇಜರ್. ಹಳೆಯ ಎಪಿಸೋಡಿನಿಂದ ಒಂದು ಚಿತ್ರ ತೆಗೆಯೋಣ ಎಂದು ಅವರು ಮೊದಲು ಹುಡುಕಿದ್ದರಂತೆ. ಎಲ್ಲದರಲ್ಲೂ ಮಾಮನ ಮುಖದ ಮುಂದೆ ಪೇಪರ್ ಇತ್ತು. ಹೊರಡುವ ದೃಶ್ಯದಲ್ಲಿ ಮುಖವೇನೋ ಕಾಣುತ್ತಿತ್ತು, ಆದರೆ ಬಾಯಿ ಪೂರ್ತಿ ತೆರೆದಿತ್ತು.

ವಾಶಿ ಸ್ಟೇಷನ್ನಿನಲ್ಲಿ ನಿಂತು ಮಾಮನಿಗೆ ಫೋನು ಮಾಡಿದೆ. ಅಷ್ಟು ಸಣ್ಣ ಧ್ವನಿಯಲ್ಲಿ ನಾನು ಎಂದೂ ಮಾತಾಡಿದವನಲ್ಲ.

"ಮಾಮ, ನಿಮ್ಮದೊಂದು ಫೋಟೋ ಬೇಕಂತೆ ಸೆಟ್ಟಿಗೆ."

"ಎಂತಕ್ಕೆ?"

"ಎಂತದೋ ಪಬ್ಲಿಸಿಟಿಗೆ ಇರಬೇಕು."

"ಎಷ್ಟು ದೊಡ್ಡದು?"

"ಸ್ವಲ್ಪ ದೊಡ್ಡದೇ."

"ನಗ್ಬೇಕಾ?"

"ಸ್ವಲ್ಪ ನಕ್ಕರೆ ಒಳ್ಳೇದಂತೆ ಮಾಮ."

"ಆಯ್ತು" ಎಂದರು. "ನಾಳೆಯೇ ಸ್ಟುಡಿಯೋಗೆ ಹೋಗ್ತೇನೆ."

ಫೋನಿಟ್ಟು ಒಂದು ವಡಾಪಾವ್ ತೆಗೆದುಕೊಂಡೆ. ತಿನ್ನಲಾಗದೆ ಅಲ್ಲೇ ಇದ್ದ ನಾಯಿಗೆ ಹಾಕಿದೆ. ಅದೂ ಮೂಸಿ ನೋಡಿ ಬೇರೆ ಕಡೆ ಹೋಯಿತು. ಆ ದಿನ ನನ್ನ ಮುಖ ನೋಡಿದ ಯಾವ ಪ್ರಾಣಿಗೂ ಹಸಿವಾಗುವ ಹಾಗಿರಲಿಲ್ಲ.

ಫೋಟೋ ಬಂತು. ಬಿಳಿ ಜುಬ್ಬಾ, ಹೆಗಲಿಗೆ ಶಾಲು, ತುಟಿಯಲ್ಲಿ ಹದವಾದ ನಗು. ಮಾಮಿಯೇ ನಿಂತು ತಲೆ ಬಾಚಿದ್ದರಂತೆ. ಆದರೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು. ನನಗೆ ಹೋದ ಜೀವ ಬಂದಂತಾಯಿತು. ಮ್ಯಾನೇಜರ್ ಫೋಟೋವನ್ನು ವಾಪಸ್ ಕೊಟ್ಟು, "ಇನ್ನೊಂದು ತೆಗೆಸು" ಎಂದರು. ಇನ್ನೊಂದು ಬಂತು. ಮತ್ತೆ ಕಣ್ಣು ಮುಚ್ಚಿತ್ತು. ಮಾಮಿ ಸ್ಟುಡಿಯೋದವನನ್ನು ಹಿಡಿದು ಬೈದರು. "ನಮ್ಮವರು ಕಣ್ಣು ಬಿಟ್ಟಾಗ ನೀನು ಎಂತ ಮಾಡ್ತಿದ್ದಿ? ಎರಡು ಸಲ ದುಡ್ಡು ತಕೊಂಡು ನೀನೇ ಕಣ್ಣು ಮುಚ್ಚಿ ಫೋಟೋ ತೆಗಿತೀಯಾ?" ಅವನು ಫ್ಲ್ಯಾಶ್ ಬದಲಾಯಿಸಿದ, ಪರದೆ ಬದಲಾಯಿಸಿದ. ಮೂರನೆಯದರಲ್ಲೂ ಅದೇ ಕಥೆ.

"ಯೇ ಅಂಕಲ್ ಫೋಟೋ ಮೇಂ ಭೀ ಸೋತೇ ಹೈಂ ಕ್ಯಾ?" ಈ ಅಂಕಲ್ ಫೋಟೋದಲ್ಲೂ ನಿದ್ದೆ ಮಾಡ್ತಾರಾ ಎಂದರು ಮ್ಯಾನೇಜರ್.

ನಾನು ಕಲ್ಯಾಣದ ಸ್ಟುಡಿಯೋಗಳ ಗುಣಮಟ್ಟದ ಬಗ್ಗೆ ತುಂಬ ಕೆಟ್ಟ ಮಾತಾಡಿದೆ. ಆ ಅಪರಿಚಿತ ಛಾಯಾಗ್ರಾಹಕನಿಗೆ ಮನಸ್ಸಿನಲ್ಲಿ ಕೈ ಮುಗಿದೆ. ನಾಲ್ಕನೆಯದಕ್ಕೆ ಠಾಣೆಯ ಸ್ಟುಡಿಯೋಗೆ ಕರೆದುಕೊಂಡು ಹೋಗಿ ನಾನೇ ತೆಗೆಸುತ್ತೇನೆಂದು ಹೇಳಿ ಒಂದು ವಾರ ಎಳೆದೆ. ಎಳೆದದ್ದು ನನ್ನ ಚಾಣಾಕ್ಷತನ ಎಂದು ಆಗ ಬಹಳ ಹೆಮ್ಮೆಯಿತ್ತು.

ಆ ವಾರದ ಕೊನೆಗೆ, ಧಾರಾವಾಹಿಯ ಅತ್ತೆ ಮ್ಯಾಡಮ್ಮಿಗೆ ಫೋನು ಮಾಡಿದಳು. ಮನೆಯ ಅಷ್ಟೂ ಜಗಳಕ್ಕೆ ಮೂಲ ಅವಳು. ವಿಷ ಬೆರೆಸುವುದು, ಪತ್ರ ಸುಡುವುದು, ಮೆಟ್ಟಿಲಿಗೆ ಎಣ್ಣೆ ಹಚ್ಚುವುದು ಎಲ್ಲ ಅವಳ ಖಾತೆ. ನಿಜ ಜೀವನದಲ್ಲಿ ಹಲ್ಲಿಗೂ ಹೆದರುವ ಸಾಧು ಹೆಂಗಸು. ಪುಣೆಯಲ್ಲಿ ಮಗಳಿಗೆ ಹೆರಿಗೆ ಬೇಗ ಆಗುವ ಹಾಗಿದೆ, ಹದಿನೈದು ದಿನ ಬರಲಾಗುವುದಿಲ್ಲ ಎಂದಳು.

ಮ್ಯಾಡಮ್ ತಲೆ ಮೇಲೆ ಕೈ ಹೊತ್ತು ಕೂತರು. ಬರೆದಿಟ್ಟದ್ದೆಲ್ಲ ಹಾಳು. ಅತ್ತೆಯನ್ನು ತವರಿಗೆ ಕಳಿಸಬಹುದು. ಆದರೆ ಅವಳಿಲ್ಲದೆ ಮನೆಯಲ್ಲಿ ಏನು ನಡೆಯುತ್ತದೆ? ಅವಳಿಲ್ಲದೆ ಅಳುವಿನ ಕಥೆಯೂ ನಡೆಯದು, ಯಾಕೆಂದರೆ ಸತ್ತವರ ಸೊಸೆಯೇ ಅಳದಿದ್ದರೆ ಹೇಗೆ? "ಹದಿನೈದು ದಿನ ಆ ಮನೆಯಲ್ಲಿ ಜಗಳ ಆಡುವವರೇ ಇಲ್ಲ" ಎಂದು ಅವರು ತಮ್ಮಷ್ಟಕ್ಕೆ ಗೊಣಗಿದರು.

ನಾನು ಕುರ್ಚಿಯಿಂದ ಎದ್ದುಬಿಟ್ಟೆ.

"ಮ್ಯಾಡಮ್, ಜಗಳ ಇಲ್ಲ."

"ಅದನ್ನೇ ನಾನೂ ಹೇಳ್ತಿರೋದು."

"ಜಗಳ ನಿಂತಿದೆ ಮ್ಯಾಡಮ್. ಜಗಳ ನಿಲ್ಲುವ ತನಕ ಬರುವುದಿಲ್ಲ ಅಂದಿದ್ದರು. ಈಗ ನಿಂತಿದೆ. ಅವರು ಬರಬಹುದು."

ಮ್ಯಾಡಮ್ ಕನ್ನಡಕ ತೆಗೆದು ಒರೆಸಿದರು. "ಅತ್ತೆ ವಾಪಸ್ ಬಂದ ಮೇಲೆ?"

"ಅಷ್ಟರಲ್ಲಿ ಅವರು ಸೋಫಾದಲ್ಲಿ ಕೂತಾಗಿರುತ್ತೆ. ಕೂತವರನ್ನು ಎದ್ದು ಹೋಗಿ ಅಂತ ಯಾರು ಹೇಳ್ತಾರೆ? ಪ್ರತಿಜ್ಞೆ ಹೊಸ್ತಿಲು ತುಳಿಯುವುದಕ್ಕೆ ಮಾತ್ರ."

ಮ್ಯಾಡಮ್ ನಕ್ಕರು. ನನ್ನ ಬರಹಕ್ಕೆ ಅವರು ನಕ್ಕದ್ದು ಹೊಸದೇನಲ್ಲ, ನನ್ನ ಬುದ್ಧಿಗೆ ನಕ್ಕದ್ದು ಅದೇ ಮೊದಲು. "ಬದರಿ ಚಳಿಗಾಲದಲ್ಲಿ ಮುಚ್ಚಿರುತ್ತದೆ ಅಂತ ಜನ ಬರೀತಿದ್ದಾರೆ, ಅದಕ್ಕೇನು ಹೇಳ್ತೀಯಾ?"

"ಕೆಳಗೆ ಜೋಶಿಮಠದಲ್ಲಿ ಇದ್ದರು ಮ್ಯಾಡಮ್. ದೇವರೂ ಚಳಿಗಾಲಕ್ಕೆ ಅಲ್ಲಿಗೇ ಇಳೀತಾನಂತೆ." ಇದು ಅಮ್ಮ ಚಪಾತಿ ಲಟ್ಟಿಸುತ್ತ ಕೊಟ್ಟ ಮಾಹಿತಿ. ಅವರ ಹೆಸರು ಹೇಳಲಿಲ್ಲ. ಕೆಲಸ ಕಲಿಯುತ್ತಿದ್ದೆನಲ್ಲ.

ಶೂಟಿಂಗಿನ ದಿನ ಮಾಮ ಎಲ್ಲರಿಗಿಂತ ಮೊದಲು ಬಂದು ಸೆಟ್ಟಿನ ಹೊರಗೆ ನಿಂತಿದ್ದರು. ಅದೇ ಜುಬ್ಬಾ, ಅದೇ ಚೀಲ, ಹೆಬ್ಬೆರಳಿಗೆ ಅದೇ ಬ್ಯಾಂಡೇಜು. ಬಟ್ಟೆಬರೆಯ ಲೆಕ್ಕ ಇಡುವ ಹುಡುಗಿ ಬೆರಳನ್ನೇ ನೋಡಿ, "ಅಂಕಲ್, ಇದು ನನಗೂ ನೆನಪಿರಲಿಲ್ಲ" ಎಂದಳು. ನಾನು ಪುನರಾಗಮನಕ್ಕೆಂದು ಎರಡು ಪುಟ ಸಂಭಾಷಣೆ ಬರೆದಿದ್ದೆ. ಹಿಮಾಲಯ, ಮೌನ, ಗಂಗೆ, ಕ್ಷಮೆ ಎಲ್ಲ ಇತ್ತು. ಮಾಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಲಾಯ್ಕುಂಟು" ಎಂದರು. "ಆದ್ರೆ ಇಷ್ಟು ಬೇಡ ಮಗಾ. ಮನೆಗೆ ಬಂದವ ಮೊದಲು ಚಪ್ಪಲಿ ಬಿಡ್ತಾನೆ."

ನಿರ್ದೇಶಕರು ಒಪ್ಪಿದರು, ಅವರಿಗೆ ಊಟದ ಹೊತ್ತಾಗಿತ್ತು. ಮಾಮ ಹೊಸ್ತಿಲ ಹತ್ತಿರ ಬಂದರು. ಒಂದು ಕ್ಷಣ ನಿಂತರು. ಚಪ್ಪಲಿ ಬಿಟ್ಟು, ಜೋಡಿಸಿಟ್ಟು, ಒಳಗೆ ನಡೆದು, ಸೋಫಾದ ತಮ್ಮ ಮೂಲೆಯನ್ನು ಕೈಯಿಂದ ಒಮ್ಮೆ ಒರೆಸಿ ಕೂತರು. ಅತ್ತೆಯ ಹಿರಿಸೊಸೆ ಓಡಿ ಬಂದಾಗ, "ಬಹೂ, ಥೋಡಾ ಪಾನಿ" ಎಂದರು. ಅಷ್ಟೇ. ಆ ಹುಡುಗಿಗೆ ಕಣ್ಣೀರಿಗೆ ಗ್ಲಿಸರಿನ್ ಬೇಕಾಗಲಿಲ್ಲ. ನಾನು ಲೈಟಿನ ಕಂಬದ ಹಿಂದೆ ಹೋಗಿ ಮೂಗು ಒರೆಸಿಕೊಂಡೆ. ಧೂಳು ಇತ್ತು ಎನ್ನಬಹುದು, ಘೋಡ್‌ಬಂದರ್ ರಸ್ತೆಯಲ್ಲಿ ಅದಕ್ಕೇನೂ ಬರವಿಲ್ಲ.

ಆ ಎಪಿಸೋಡು ಪ್ರಸಾರವಾದ ವಾರ, ಶೂಟಿಂಗ್ ಮುಗಿಸಿ ನಾವಿಬ್ಬರೂ ಠಾಣೆ ಸ್ಟೇಷನ್ನಿನಲ್ಲಿ ಕಲ್ಯಾಣದ ಗಾಡಿಗೆ ಕಾಯುತ್ತ ನಿಂತಿದ್ದೆವು. ನನ್ನ ಎದೆಯ ಮೇಲಿನ ಕಲ್ಲು ಇಳಿದು ನಾಲ್ಕು ದಿನವಾಗಿತ್ತು, ಬಾಯಿಗೆ ಕಡಿವಾಣ ಇರಲಿಲ್ಲ.

"ಮಾಮ, ಆ ಫೋಟೋ ಇತ್ತಲ್ಲ. ಅದು ಪಬ್ಲಿಸಿಟಿಗೆ ಅಲ್ಲ."

"ಗೊತ್ತುಂಟು."

"ಏನು ಗೊತ್ತುಂಟು?"

"ಸುಹಾಸ, ನಾನು ಮೂವತ್ತು ವರ್ಷ ನಾಟಕ ಮಾಡಿದವ. ಮುದುಕನ ಫೋಟೋ, ಅದೂ ದೊಡ್ಡದು, ಅದೂ ನಗುವಂಥದ್ದು ಬೇಕು ಅಂದ್ರೆ ಎಂತಕ್ಕೆ ಅಂತ ನಂಗೆ ಗೊತ್ತಾಗುದಿಲ್ವಾ?" ಮಾಮ ಗಾಡಿ ಬರುವ ದಿಕ್ಕಿಗೆ ನೋಡುತ್ತ ಹೇಳಿದರು. "ಮಾಮಿಗೆ 'ಫೋಟೋ ಕೊಡುದಿಲ್ಲ' ಅಂದ್ರೆ ಅವಳು ಯಾಕೆ ಅಂತ ಕೇಳ್ತಾಳೆ. ನೀನು ಬೇರೆ ಫೋನಿನಲ್ಲಿ ಅಳುವ ಹಾಗಿದ್ದಿ. ಅದಕ್ಕೆ ಸ್ಟುಡಿಯೋದವ ಒನ್, ಟೂ ಅಂದ ಕೂಡ್ಲೇ ಗಟ್ಟಿಯಾಗಿ ಕಣ್ಣು ಮುಚ್ಚಿ ಕೂತೆ. ಮೂರು ಸಲವೂ. ಕಣ್ಣು ಮುಚ್ಚಿದವನ ಫೋಟೋ ಯಾರು ಗೋಡೆಗೆ ಹಾಕ್ತಾರೆ ಮಾರಾಯ?"

ಗಾಡಿ ಬಂತು. ನಾನು ಬಾಯಿ ಮುಚ್ಚುವುದನ್ನು ಮರೆತಿದ್ದೆ, ಹಿಂದಿನವರು ಒಳಗೆ ತಳ್ಳಿದರು. ಬಾಗಿಲ ಹತ್ತಿರ ಕೂತಿದ್ದ ಕಾಲೇಜು ಹುಡುಗನೊಬ್ಬ ಮಾಮನನ್ನು ನೋಡಿ ಎದ್ದು ನಿಂತ. "ದಾದಾಜಿ, ಬಸಾ ನಾ. ಕಧೀ ಆಲಾತ್ ಬದ್ರೀಹೂನ್?" ಬದರಿಯಿಂದ ಬಂದದ್ದು ಯಾವಾಗ ಎಂದು ಕೇಳಿದ.

ಮಾಮ ಕೂತರು. ಕನ್ನಡಕ ಸರಿ ಮಾಡಿಕೊಂಡರು. "ಚಾರ್ ದಿನ್ ಹುವಾ ಬೇಟಾ" ಎಂದರು. "ಕ್ಯಾ ಠಂಡ್ ಥೀ." ಸುತ್ತ ನಿಂತವರು ಒಬ್ಬೊಬ್ಬರೇ ಕಿವಿಯ ವೈರು ತೆಗೆದು ಹತ್ತಿರ ಸರಿದರು. ಕಲ್ಯಾಣ ದಾಟಿ ಉತ್ತರಕ್ಕೆ ಎಂದೂ ಹೋಗಿರದ ಮಾಮ ಹಿಮದ ಬಗ್ಗೆ, ದಾರಿಯಲ್ಲಿ ಸಿಕ್ಕ ಸಾಧುವಿನ ಬಗ್ಗೆ, ಬಿಸಿನೀರಿನ ಕುಂಡದ ಬಗ್ಗೆ ಸಾವಕಾಶವಾಗಿ ಹೇಳುತ್ತ ಹೋದರು. ಡೊಂಬಿವಲಿ ಬಂತು. ನಾನು ಇಳಿಯುವಾಗ ಅವರು ಇನ್ನೂ ಜೋಶಿಮಠ ದಾಟಿರಲಿಲ್ಲ.